ಸೊಂಟದ ಕಲೆಯ ಹಿಂದೊಂದು ಚರಿತ್ರೆ

2024ರ ನವೆಂಬರ್ ತಿಂಗಳು. ನಮ್ಮ ಮಹಿಳಾ ವಿಭಾಗದ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂದು ಬಿತ್ತು. "ಸೀರೆ ಉಟ್ಟರೂ ಕ್ಯಾನ್ಸರ್!" ಎಂಬ ತಲೆಬರಹ. ಕೆಳಗೆ ಒಬ್ಬೊಬ್ಬರ ಒಂದೊಂದು ಮಾತು. "ಇನ್ನು ಸೀರೆಯನ್ನೂ ಬಿಡಬೇಕೇನ್ರೀ?" ಎಂದು ಒಬ್ಬರು, "ಅದಕ್ಕೇ ನಾನು ಯಾವತ್ತೋ ಚೂಡಿದಾರಕ್ಕೆ ಬಂದೆ" ಎಂದು ಇನ್ನೊಬ್ಬರು. ನಾನೂ ಒಂದು ನಗುವ ಮುಖ ಹಾಕಿ ಮೊಬೈಲ್ ಕೆಳಗಿಟ್ಟೆ. ಆದರೆ ರಾತ್ರಿ ಪಾತ್ರೆ ತೊಳೆಯುತ್ತಿರುವಾಗ ಆ ಸುದ್ದಿಯ ಒಂದು ಸಾಲು ಮತ್ತೆ ಮತ್ತೆ ನೆನಪಾಯಿತು. ಸೊಂಟದ ಪಕ್ಕದಲ್ಲಿ, ಲಾಡಿ ಕೂರುವ ಜಾಗದಲ್ಲಿ, ಮಾಯದ ಹುಣ್ಣು.

ನಮ್ಮ ಅತ್ತೆಯವರಿಗೆ ಅಂಥದೊಂದು ಹುಣ್ಣಿತ್ತು.

ಅತ್ತೆಯವರು ಬಾಗಲಕೋಟೆ ಕಡೆಯವರು. ಮಾವನವರಿಗೆ ಶಹಾಡಿನ ರೇಯಾನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಹೊಸ ಮದುಮಗಳಾಗಿ ಇಲ್ಲಿಗೆ ಬಂದವರು. ಐವತ್ತು ವರ್ಷ ಈ ಊರಿನಲ್ಲಿ ಬಾಳಿದರೂ ಇಳಕಲ್ ಸೀರೆ ಬಿಟ್ಟವರಲ್ಲ. ಪರಕಾರದ ಲಾಡಿಯನ್ನು ಉಸಿರು ಬಿಗಿಹಿಡಿದು ಕಟ್ಟುವುದು ಅವರ ರೂಢಿ. ಎಡಗಡೆ ಸೊಂಟಕ್ಕೆ ಎಲೆ ಅಡಿಕೆಯ ಸಂಚಿ, ಅದರ ಪಕ್ಕ ಕೀಲಿಕೈ ಗೊಂಚಲು. ಎಡಗಡೆಯೇ ಆ ಹುಣ್ಣು. ಎರಡು ವರ್ಷದಿಂದ ಒಮ್ಮೆ ಒಣಗುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಹತ್ತಿರದ ದವಾಖಾನೆಯಲ್ಲಿ ಸೀರೆಯ ಮೇಲಿಂದಲೇ ಕೇಳಿ ಗಜಕರ್ಣದ ಮುಲಾಮು ಬರೆದುಕೊಟ್ಟಿದ್ದರು. ಆ ಮುಲಾಮನ್ನು ಮೂರು ಸಲ ಮೆಡಿಕಲ್‌ನಿಂದ ತಂದುಕೊಟ್ಟವಳು ನಾನೇ. ಒಮ್ಮೆಯೂ "ತೋರಿಸ್ರಿ ಅತ್ತೀ, ನೋಡೋಣ" ಎಂದು ಕೇಳಿರಲಿಲ್ಲ.

ಮರುದಿನ ಕೇಳಿದೆ. "ಏನಾಗಿಲ್ಲ ತಗೋವಾ, ಲಾಡಿ ಕಟ್ಟಿದ ಕಲಿ ಅದು. ಹೆಣ್ಮಕ್ಕಳಿಗೆ ಇದ್ದದ್ದ" ಎಂದರು. ಬಹಳ ಒತ್ತಾಯ ಮಾಡಿದ ಮೇಲೆ ತೋರಿಸಿದರು. ಸೊಂಟದ ಸುತ್ತ ಕಪ್ಪುಬಿಳುಪಾದ ದಪ್ಪ ಗೆರೆ. ಎಡಗಡೆ ಎಂಟಾಣೆ ನಾಣ್ಯದಷ್ಟು ಅಗಲದ, ಅಂಚು ಎತ್ತರಿಸಿದ ಹುಣ್ಣು.

ಮುಂದಿನ ವಾರ ಮುಂಬಯಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಚರ್ಮದ ವೈದ್ಯರು ನೋಡಿ, "ಬರಿಗಣ್ಣಿನಿಂದ ಹೇಳಲಾಗದು, ತುಣುಕು ತೆಗೆದು ನೋಡಬೇಕು" ಎಂದರು. ತುಣುಕು ಕೊಟ್ಟು ವರದಿಗಾಗಿ ಒಂದು ವಾರ ಕಾಯಬೇಕಾಯಿತು. ನಿದ್ದೆ ಬಾರದ ಆ ಏಳು ರಾತ್ರಿಗಳಲ್ಲಿ ನಾನು ಓದಿದ್ದೇ ಈ ಲೇಖನದ ಮೂಲ. ಓದುತ್ತಾ ಹೋದಂತೆ ಗೊತ್ತಾದದ್ದು, ಸುದ್ದಿಯಲ್ಲಿ ಹೊಸತೆಂದು ಬಂದ ಈ ಕಾಯಿಲೆಯನ್ನು ನಮ್ಮ ಮುಂಬಯಿಯಲ್ಲೇ, ಸ್ವಾತಂತ್ರ್ಯಕ್ಕೂ ಮೊದಲೇ, ಒಬ್ಬ ರೋಗಶಾಸ್ತ್ರಜ್ಞರು ಗುರುತಿಸಿ ಹೆಸರಿಟ್ಟಿದ್ದರು.

ಪರೇಲಿನ ಪ್ರಯೋಗಶಾಲೆ

1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಆರಂಭವಾಯಿತು. ಅದರ ಹಿಂದೆಯೂ ಒಬ್ಬ ಹೆಣ್ಣುಮಗಳ ನೆನಪಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ ಟಾಟಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖದಿಂದ ಮೊಳೆತ ಸಂಕಲ್ಪವನ್ನು ದೊರಾಬ್ಜಿಯವರ ನಂತರ ಅವರ ಹೆಸರಿನ ಟ್ರಸ್ಟ್ ಕಾರ್ಯಕ್ಕೆ ತಂದಿತು.

ಆಸ್ಪತ್ರೆಯ ಪ್ರಯೋಗಶಾಲೆಗಳ ಮುಖ್ಯಸ್ಥರಾಗಿ ಬಂದವರು ಡಾ. ವಸಂತ ರಾಮಜಿ ಖಾನೋಲ್ಕರ್. 1895ರಲ್ಲಿ ಹುಟ್ಟಿದ ಅವರು ಲಂಡನ್ ವಿಶ್ವವಿದ್ಯಾಲಯದಿಂದ ರೋಗಶಾಸ್ತ್ರದಲ್ಲಿ ಎಂ.ಡಿ. ಪಡೆದು ಬಂದು, ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು ಮತ್ತು ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವರು. ಭಾರತದ ರೋಗಶಾಸ್ತ್ರದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ರೋಗಶಾಸ್ತ್ರಜ್ಞರೆಂದರೆ ರೋಗಿಯ ಮುಂದೆ ಬಾರದ, ಆದರೆ ರೋಗಿಯ ಹಣೆಬರಹವನ್ನು ಸೂಕ್ಷ್ಮದರ್ಶಕದಲ್ಲಿ ಓದುವ ವೈದ್ಯರು.

ದೇಶದ ನಾನಾ ಭಾಗಗಳಿಂದ ಬಂದ ಗಡ್ಡೆಗಳ ತುಣುಕುಗಳು ಖಾನೋಲ್ಕರ್ ಅವರ ಮೇಜಿನ ಮೇಲೆ ಸೇರತೊಡಗಿದವು. ಪಾಶ್ಚಾತ್ಯ ಪುಸ್ತಕಗಳ ಪ್ರಕಾರ ಚರ್ಮದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಬಿಸಿಲು ಬೀಳುವ ಮುಖ, ಕಿವಿ, ಕೈಗಳ ಮೇಲೆ, ಅದೂ ಬಿಳಿ ಚರ್ಮದವರಿಗೆ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣ ಬಿಸಿಲಿನ ಹಾನಿಗೆ ಕೊಡೆ ಹಿಡಿಯುತ್ತದೆ. ಹಾಗಾಗಿ ಭಾರತದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಹಾಗಿದ್ದ ಮೇಲೆ ಬಿಸಿಲೇ ತಾಗದ ಸೊಂಟದ ಮೇಲೆ ಅದು ಬರುವುದು ಯಾಕೆ?

ಉತ್ತರ ಸೂಕ್ಷ್ಮದರ್ಶಕದಲ್ಲಿ ಇರಲಿಲ್ಲ, ರೋಗಿಯ ಉಡುಗೆಯಲ್ಲಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದ ಧೋತರ ಅಲ್ಲಿ ಉಜ್ಜಿ, ಚರ್ಮ ದಪ್ಪವಾಗಿ, ಬಣ್ಣ ಕಳೆದುಕೊಂಡು, ಕಡೆಗೆ ಎಲ್ಲೋ ಕೆಲವರಲ್ಲಿ ಹುಣ್ಣಾಗಿ ಕ್ಯಾನ್ಸರಿಗೆ ತಿರುಗಿತ್ತು. 1945ರಲ್ಲಿ ಖಾನೋಲ್ಕರ್ ಮತ್ತು ಸೂರ್ಯಬಾಯಿ ಎಂಬುವರು ಸೇರಿ ಅಮೆರಿಕದ 'ಆರ್ಕೈವ್ಸ್ ಆಫ್ ಪೆಥಾಲಜಿ' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ರೂಢಿಗಳಿಗೂ ಕ್ಯಾನ್ಸರಿಗೂ ಇರುವ ನಂಟು, ಭಾರತದಲ್ಲಿ ಕಂಡ ಮೂರು ಹೊಸ ಬಗೆಗಳು ಎಂಬುದು ಅದರ ವಿಷಯ. ಅದರಲ್ಲೊಂದು 'ಧೋತಿ ಕ್ಯಾನ್ಸರ್'. ಪ್ರಬಂಧದ ಶೀರ್ಷಿಕೆಯ ಕೆಳಗೆ ಸೂರ್ಯಬಾಯಿ ಎಂಬ ಹೆಸರನ್ನು ಓದಿದಾಗ ಆ ಕಷ್ಟದ ವಾರದಲ್ಲೂ ನನಗೆ ಒಂದು ಕ್ಷಣ ಖುಷಿಯಾಯಿತು.

ಅಲ್ಲಿಂದ ಮುಂದೆ 1952ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ಆರಂಭವಾಯಿತು. ಅದನ್ನು ಕಟ್ಟಿದವರೂ ಖಾನೋಲ್ಕರ್. 1955ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕುಷ್ಠರೋಗದ ಸಂಶೋಧನೆಯಲ್ಲೂ ಅವರದು ದೊಡ್ಡ ಹೆಸರು. ಅವರು ಕಟ್ಟಿದ ಸಂಶೋಧನಾ ಸಂಸ್ಥೆ ಮುಂದೆ ಟಾಟಾ ಮೆಮೋರಿಯಲ್ ಜೊತೆ ಸೇರಿ, 2002ರಲ್ಲಿ ನಮ್ಮ ನವಿ ಮುಂಬಯಿಯ ಖಾರ್‌ಘರ್‌ಗೆ ಬಂತು. ಈಗ ಅದನ್ನೇ ನಾವು ಆಕ್ಟ್ರೆಕ್ ಎಂದು ಕರೆಯುವುದು.

ಮಸಿ, ಕೆಂಡ, ಡಾಂಬರು

ರೂಢಿಯಿಂದ, ಕೆಲಸದಿಂದ ಚರ್ಮದ ಕ್ಯಾನ್ಸರ್ ಬರಬಹುದೆಂಬ ಮಾತು ಖಾನೋಲ್ಕರ್ ಅವರಿಗಿಂತ ಹಳೆಯದು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವ ಹುಡುಗರು ದೊಡ್ಡವರಾದ ಮೇಲೆ ಅವರ ಗುಪ್ತಾಂಗದ ಚರ್ಮಕ್ಕೆ ಬರುವ ಹುಣ್ಣನ್ನು ಗಮನಿಸಿದರು. ಚರ್ಮದ ಮಡಿಕೆಗಳಲ್ಲಿ ಕೂತ ಮಸಿಯೇ ಅದಕ್ಕೆ ಕಾರಣ ಎಂದರು. ನಾಲ್ಕೈದು ವರ್ಷದ ಬಡಮಕ್ಕಳನ್ನು ಇಕ್ಕಟ್ಟಾದ ಹೊಗೆಗೂಡಿಗೆ ಇಳಿಸುತ್ತಿದ್ದ ಕಾಲ ಅದು.

ನಮ್ಮ ದೇಶದಲ್ಲಿ ಇದೇ ಬಗೆಯ ಮೊದಲ ಮಾತು ಬಂದದ್ದು ಕಾಶ್ಮೀರದಿಂದ. ಅಲ್ಲಿಯವರು ಚಳಿಗಾಲದಲ್ಲಿ ಉದ್ದನೆಯ ಫೆರನ್ ಅಂಗಿಯ ಒಳಗೆ ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ಹೊಟ್ಟೆಗೆ ಹತ್ತಿರವಾಗಿ ಹಿಡಿದುಕೊಳ್ಳುತ್ತಾರೆ. ಶ್ರೀನಗರದಲ್ಲಿ ಕೆಲಸ ಮಾಡುತ್ತಿದ್ದ ಮಿಷನರಿ ವೈದ್ಯ ಎಲ್ಮ್‌ಸ್ಲಿ 1866ರಲ್ಲಿ, ಆ ಬಿಸಿ ತಾಗುವ ಹೊಟ್ಟೆ ಮತ್ತು ತೊಡೆಯ ಚರ್ಮದಲ್ಲಿ ಬರುವ ಗಡ್ಡೆಗಳ ಬಗ್ಗೆ ಬರೆದರು. 'ಕಾಂಗ್ರಿ ಕ್ಯಾನ್ಸರ್' ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಇದೆ. ಚಳಿಗೆ ಅವರು ಹೊಟ್ಟೆಗೆ ಕೆಂಡ ಹಿಡಿದರು, ಸೀರೆ ಜಾರದಿರಲೆಂದು ನಾವು ಸೊಂಟಕ್ಕೆ ಹುರಿ ಬಿಗಿದೆವು.

ಇವೆಲ್ಲ ಊಹೆಯಲ್ಲ, ನಿಜ ಎಂದು ತೋರಿಸಿದವರು ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ. ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಹಚ್ಚುತ್ತಾ ಹೋದರು. 1915ರಲ್ಲಿ ಆ ಕಿವಿಗಳ ಚರ್ಮದಲ್ಲಿ ಕ್ಯಾನ್ಸರ್ ಕಾಣಿಸಿತು. ಒಂದೇ ಜಾಗಕ್ಕೆ ಬಹಳ ದಿನ ಕಿರಿಕಿರಿ ಕೊಟ್ಟರೆ ಅಲ್ಲಿನ ಜೀವಕೋಶಗಳು ಹಾದಿ ತಪ್ಪಬಹುದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು.

ಹಳೆಯ ಸುಟ್ಟ ಗಾಯ, ಮಾಯದ ಹುಣ್ಣುಗಳ ಮೇಲೆ ಹುಟ್ಟುವ ಚರ್ಮದ ಕ್ಯಾನ್ಸರಿಗೆ ಇಂದು 'ಮಾರ್ಜೋಲಿನ್ ಹುಣ್ಣು' ಎನ್ನುತ್ತಾರೆ. 1828ರಲ್ಲಿ ಇಂಥ ಹುಣ್ಣುಗಳನ್ನು ವಿವರಿಸಿದ ಫ್ರೆಂಚ್ ವೈದ್ಯ ಮಾರ್ಜೋಲಿನ್ ಅವರ ಹೆಸರು ಅದಕ್ಕೆ ಬಂದಿದೆ. ಚರ್ಮ ಒಡೆದಾಗಲೆಲ್ಲ ಅದನ್ನು ಕೂಡಿಸಲು ಕೋಶಗಳು ಹೊಸದಾಗಿ ಒಡೆದು ಹುಟ್ಟಬೇಕು. ವರ್ಷಾನುಗಟ್ಟಲೆ ಒಡೆಯುವುದು, ಕೂಡುವುದು ನಡೆದರೆ ಎಲ್ಲೋ ಒಂದು ಕಡೆ ತಪ್ಪು ನುಸುಳುತ್ತದೆ. ಹೊಲಿದ ಜಾಗವನ್ನೇ ಬಿಚ್ಚಿ ಬಿಚ್ಚಿ ಹೊಲಿದರೆ ಬಟ್ಟೆ ಏನಾಗುತ್ತದೆಂದು ನಮಗೆಲ್ಲ ಗೊತ್ತಲ್ಲ.

ಒಂದು ತುಣುಕಿನ ಪಯಣ

ಅತ್ತೆಯವರ ಚರ್ಮದಿಂದ ತೆಗೆದದ್ದು ಹೆಸರುಕಾಳಿನಷ್ಟು ತುಣುಕು. ಜಾಗಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟು ತೆಗೆದರು. "ಇರಿವಿ ಕಚ್ಚಿದಂಗಾತು, ಅಷ್ಟ" ಎಂದರು ಅತ್ತೆ. ಅದಕ್ಕೆ ಒಂದು ವಾರ ಯಾಕೆ ಬೇಕೆಂದು ನನಗೆ ಸಿಟ್ಟು ಬಂದಿತ್ತು. ಓದಿದ ಮೇಲೆ ಸಿಟ್ಟು ಇಳಿಯಿತು.

'ಬಯಾಪ್ಸಿ' ಎಂಬ ಪದವನ್ನು 1879ರಲ್ಲಿ ಬಳಕೆಗೆ ತಂದವರು ಪ್ಯಾರಿಸ್ಸಿನ ಚರ್ಮವೈದ್ಯ ಎರ್ನೆಸ್ಟ್ ಬೆನಿಯೇ. ಜೀವಂತ ದೇಹದ ತುಣುಕನ್ನು ನೋಡುವುದು ಎಂದು ಅದರ ಅರ್ಥ. ಅದಕ್ಕೂ ಮೊದಲು ಬಹುಪಾಲು ರೋಗಗಳ ಒಳಗುಟ್ಟು ತಿಳಿಯುತ್ತಿದ್ದುದು ಸತ್ತ ಮೇಲೆ. ರೋಗಗಳೆಲ್ಲ ಜೀವಕೋಶಗಳಲ್ಲಿ ಹುಟ್ಟುತ್ತವೆ ಎಂದು ಬರ್ಲಿನ್ನಿನ ರುಡಾಲ್ಫ್ ವಿರ್ಕೋ 1858ರಲ್ಲಿ ಸಾರಿದ್ದರು. ಚರ್ಮದ ಕ್ಯಾನ್ಸರ್ ಚರ್ಮದ ಮೇಲ್ಪದರದ ಕೋಶಗಳಿಂದಲೇ ಹುಟ್ಟುತ್ತದೆಂದು 1865ರಲ್ಲಿ ಕಾರ್ಲ್ ಟೀರ್ಷ್ ತೋರಿಸಿದರು. 1893ರಲ್ಲಿ ಫರ್ಡಿನಾಂಡ್ ಬ್ಲೂಮ್, ಫಾರ್ಮಾಲಿನ್‌ನಲ್ಲಿ ಇಟ್ಟರೆ ತುಣುಕು ಕೆಡದೆ ಗಟ್ಟಿಯಾಗುತ್ತದೆಂದು ಕಂಡುಕೊಂಡರು. ಇಂದಿಗೂ ಆ ಪುಟ್ಟ ಡಬ್ಬಿಯಲ್ಲಿರುವುದು ಅದೇ ಫಾರ್ಮಾಲಿನ್.

ಅಲ್ಲಿಂದ ತುಣುಕಿನ ನೀರನ್ನೆಲ್ಲ ತೆಗೆದು ಮೇಣದಲ್ಲಿ ಅಚ್ಚು ಹಾಕುತ್ತಾರೆ. ಆ ಮೇಣದ ಗಟ್ಟಿಯನ್ನು ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ತೆಳ್ಳಗೆ ಹೆರೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ನಾಲ್ಕೈದು ಪಾಲಿನಷ್ಟು ತೆಳು, ನಮ್ಮ ತಲೆಗೂದಲಿಗಿಂತ ಹತ್ತಾರು ಪಟ್ಟು ಸಪೂರ. ಅದನ್ನು ಗಾಜಿನ ಮೇಲೆ ಹರಡಿ ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶದ ನಡುವಿನ ಬೀಜಕ್ಕೆ ನೀಲಿ ಬಣ್ಣ ಕೊಡುತ್ತದೆ, ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ. ಈ ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವಂಥದು. ಮೊದಲು ಅದನ್ನು ಬಳಸುತ್ತಿದ್ದುದು ಬಟ್ಟೆಗೆ ಬಣ್ಣ ಕಟ್ಟಲು. ನೂಲು ತೆಗೆಯುವ ಕಾರ್ಖಾನೆಯ ಊರಿನಲ್ಲಿ ಬಾಳಿದ ನನಗೆ ಆ ಸಂಗತಿ ಬಹಳ ಇಷ್ಟವಾಯಿತು.

ಇಷ್ಟೆಲ್ಲ ಆದ ಮೇಲೆ ಪೆಥಾಲಜಿಸ್ಟ್ ಕೂತು ನೋಡುತ್ತಾರೆ. ಕೋಶಗಳು ಸಾಲಾಗಿ ಇವೆಯೇ, ಅವುಗಳ ಬೀಜ ದೊಡ್ಡದಾಗಿದೆಯೇ, ಮೇಲ್ಪದರದ ಗಡಿ ದಾಟಿ ಕೆಳಗೆ ಇಳಿದಿವೆಯೇ? ಗಜಕರ್ಣವೋ, ಕ್ಯಾನ್ಸರೋ ಎಂಬುದು ತೀರ್ಮಾನವಾಗುವುದು ಅಲ್ಲಿ. ಮೇಲಿನಿಂದ ನೋಡಿದರೆ ಒಂದರಂತೆ ಒಂದು ಕಾಣುವ ಕಾಯಿಲೆಗಳು ಚರ್ಮದಲ್ಲಿ ಬಹಳ. 1912ರಲ್ಲಿ ಬಾಸ್ಟನ್ನಿನ ಜಾನ್ ಬೋವೆನ್ ವಿವರಿಸಿದ 'ಬೋವೆನ್ ಕಾಯಿಲೆ'ಯೇ ಒಂದು ಉದಾಹರಣೆ. ನೋಡಲು ಇಸುಬಿನಂಥ ಕೆಂಪು ಮಚ್ಚೆ, ಒಳಗೆ ಕ್ಯಾನ್ಸರಿನ ಮೊದಲ ಹೆಜ್ಜೆ.

ವರದಿಯಲ್ಲಿ ಕಂಡ ಮುತ್ತು

ಬುಧವಾರ ಕೊಟ್ಟ ತುಣುಕಿನ ವರದಿ ಮುಂದಿನ ಬುಧವಾರ ಬಂತು. ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ನಾನೂ ನನ್ನ ಯಜಮಾನರೂ ಹೋಗಿದ್ದೆವು. ರೈಲು ಪರೇಲ್ ದಾಟುವಾಗ ಕಿಟಕಿಯಿಂದ ಹೊರಗೆ ನೋಡಿ ಖಾನೋಲ್ಕರ್ ಅವರನ್ನು ನೆನೆದುಕೊಂಡೆ. ವರದಿ ಕೈಗೆ ಬಂದಾಗ ಮೊದಲು ಕಂಡ ಪದ 'ಸ್ಕ್ವೇಮಸ್ ಸೆಲ್ ಕಾರ್ಸಿನೋಮ'. ಕಾಲ ಕೆಳಗಿನ ನೆಲ ಜಾರಿದಂತಾಯಿತು.

ವೈದ್ಯರು ಮಾತ್ರ ಅದರ ಮುಂದಿನ ಪದಗಳನ್ನು ಓದಲು ಹೇಳಿದರು. 'ವೆಲ್ ಡಿಫರೆನ್ಶಿಯೇಟೆಡ್' ಎಂದಿತ್ತು. ಕೋಶಗಳು ಹಾದಿ ತಪ್ಪಿದರೂ ತಮ್ಮ ಮೂಲ ಕೆಲಸವನ್ನು ಇನ್ನೂ ಮರೆತಿಲ್ಲ, ಹಾಗಾಗಿ ನಿಧಾನವಾಗಿ ಬೆಳೆಯುವ ಬಗೆ ಎಂದರು. ಹೀಗೆ ಕೋಶಗಳ ಸ್ವಭಾವ ನೋಡಿ ಕ್ಯಾನ್ಸರಿಗೆ ದರ್ಜೆ ಕೊಡುವ ಪದ್ಧತಿಗೆ ದಾರಿ ಹಾಕಿದವರು ಅಮೆರಿಕದ ಮೇಯೋ ಕ್ಲಿನಿಕ್‌ನ ಆಲ್ಬರ್ಟ್ ಬ್ರೋಡರ್ಸ್. 1920ರಲ್ಲಿ ತುಟಿಯ ಕ್ಯಾನ್ಸರಿನ ಮೇಲೆ ಅವರು ಆ ಕೆಲಸ ಮಾಡಿದರು. ವರದಿಯಲ್ಲಿ 'ಕೆರಟಿನ್ ಪರ್ಲ್ಸ್' ಎಂದೂ ಇತ್ತು. ಮುತ್ತು ಯಾಕೆ ಬಂತೆಂದು ಕೇಳಿದೆ. ಚರ್ಮದ ಕೋಶಗಳು ಉಗುರು, ಕೂದಲಲ್ಲಿರುವ ಕೆರಟಿನ್ ಅನ್ನು ಸುತ್ತು ಸುತ್ತಾಗಿ ಕಟ್ಟಿದಾಗ ಸೂಕ್ಷ್ಮದರ್ಶಕದಲ್ಲಿ ಗುಲಾಬಿ ಮುತ್ತಿನಂತೆ ಕಾಣುತ್ತದಂತೆ. ಮುತ್ತು ಕಂಡರೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಸಮಾಧಾನ ಎಂದು ಅವರು ನಕ್ಕರು.

"ಸೀರೆಯಿಂದಲೇ ಆಯಿತಾ ಡಾಕ್ಟರೇ?" ಎಂದೆ. "ಅದೊಂದೇ ಕಾರಣ ಎಂದು ಬರೆದುಕೊಡಲಾರೆ. ಆದರೆ ಜಾಗ, ಗೆರೆ, ವರ್ಷಗಳನ್ನು ನೋಡಿದರೆ ಲಾಡಿಯ ಮೇಲೇ ಅನುಮಾನ" ಎಂದರು.

ತೊಡೆಯ ಸಂದಿನ ಗ್ರಂಥಿಗಳಿಗೆ ಹಬ್ಬಿಲ್ಲ ಎಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಹುಣ್ಣಿನ ಜೊತೆ ಸುತ್ತಲಿನ ಒಳ್ಳೆಯ ಚರ್ಮದ ಅಂಚನ್ನೂ ಸೇರಿಸಿ ತೆಗೆದರು. ಆ ಅಂಚುಗಳೂ ಪೆಥಾಲಜಿಸ್ಟರ ಬಳಿ ಹೋದವು. 'ಮಾರ್ಜಿನ್ಸ್ ಫ್ರೀ', ಅಂದರೆ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು. ಈಗಲೂ ಅವರನ್ನು ತಪ್ಪದೆ ತಪಾಸಣೆಗೆ ಕರೆದೊಯ್ಯುತ್ತೇವೆ.

ಧೋತರದಿಂದ ಪರಕಾರದವರೆಗೆ

1945ರ ಧೋತಿ ಕ್ಯಾನ್ಸರ್ ಅಲ್ಲಿಗೇ ನಿಲ್ಲಲಿಲ್ಲ. ಧೋತರ ಉಡುವವರು ಕಡಿಮೆಯಾದರು, ಸೀರೆ ಉಡುವವರು ಉಳಿದೆವು. 2005ರಲ್ಲಿ ಮುಂಬಯಿಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ 'ಸೀರೆ ಕ್ಯಾನ್ಸರ್' ಎಂಬ ಹೆಸರಿನಲ್ಲೇ ವರದಿ ಬಂತು. ನಾನು ಮೊದಲು ಹೇಳಿದ 2024ರ ಸುದ್ದಿಯ ಮೂಲ 'ಬಿಎಂಜೆ ಕೇಸ್ ರಿಪೋರ್ಟ್ಸ್'ನಲ್ಲಿ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು ಬರೆದ ವರದಿ. ಅದರಲ್ಲಿ ಇಬ್ಬರು ಹಿರಿಯ ಹೆಂಗಸರ ಕಥೆ ಇದೆ. ಒಬ್ಬರು ಪರಕಾರವನ್ನು ಬಿಗಿಯಾಗಿ ಕಟ್ಟುತ್ತಿದ್ದರು. ಇನ್ನೊಬ್ಬರು ಪರಕಾರವಿಲ್ಲದೆ ಲುಗಡಾವನ್ನೇ ಸೊಂಟಕ್ಕೆ ಬಿಗಿಯುತ್ತಿದ್ದರು. ಅವರ ಕಾಯಿಲೆ ಗ್ರಂಥಿಗೂ ಹಬ್ಬಿತ್ತು. ತಪ್ಪು ಸೀರೆಯದಲ್ಲ, ಬಿಗಿದ ಹುರಿಯದು ಎಂದು ಆ ವೈದ್ಯರೇ ಸ್ಪಷ್ಟವಾಗಿ ಹೇಳಿದ್ದಾರೆ. 'ಪೆಟಿಕೋಟ್ ಕ್ಯಾನ್ಸರ್' ಎಂಬ ಹೆಸರು ಬಂದದ್ದು ಹಾಗೆ.

ಗಾಬರಿಯಾಗಬೇಡಿ. ಲಾಡಿಯ ಗೆರೆ ನಮ್ಮಲ್ಲಿ ಬಹುತೇಕ ಎಲ್ಲರ ಸೊಂಟದಲ್ಲೂ ಇದೆ. ಕೋಟ್ಯಂತರ ಹೆಂಗಸರಲ್ಲಿ ಅದು ಬರೀ ಕಲೆಯಾಗಿಯೇ ಉಳಿಯುತ್ತದೆ. ಕ್ಯಾನ್ಸರ್ ಆಗುವುದು ಬಹಳ ಅಪರೂಪ. ಆದರೆ ಅಪರೂಪ ಎಂಬ ಕಾರಣಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ, ನಾಚಿಕೆಯಿಂದ ನಾವು ತೋರಿಸುವುದೂ ಇಲ್ಲ. ನಮ್ಮ ಮನೆಯಲ್ಲಿ ಎರಡು ವರ್ಷ ಹೋದದ್ದು ಹೀಗೆಯೇ.

ಮಾಡಬೇಕಾದದ್ದು ದೊಡ್ಡದೇನಲ್ಲ. ಹುರಿಯಂಥ ಸಣ್ಣ ಲಾಡಿಯ ಬದಲು ಅಗಲ ಪಟ್ಟಿಯ ಲಾಡಿ ಹಾಕಿಸಿ. ಒಂದು ದಿನ ಮೇಲೆ, ಒಂದು ದಿನ ಕೆಳಗೆ ಕಟ್ಟಿ. ಮನೆಗೆ ಬಂದ ಕೂಡಲೇ ಸಡಿಲಿಸಿ. ಸೊಂಟದ ಗೆರೆಯಲ್ಲಿ ತುರಿಕೆ, ಒಡಕು ಇದ್ದರೆ ವಾಸಿಯಾಗುವ ತನಕ ಅಲ್ಲಿ ಏನನ್ನೂ ಬಿಗಿಯಬೇಡಿ. ನಾಲ್ಕು ವಾರವಾದರೂ ಮಾಯದ ಹುಣ್ಣು, ಬೆಳೆಯುವ ಗಂಟು, ಮುಟ್ಟಿದರೆ ರಕ್ತ ಬರುವ ಜಾಗ, ರೂಪ ಬಣ್ಣ ಬದಲಿಸುವ ಮಚ್ಚೆ ಇದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸೀರೆ ಸರಿಸಿಯೇ ತೋರಿಸಿ. ತುಣುಕು ತೆಗೆಯುತ್ತೇವೆಂದರೆ ಬೇಡವೆನ್ನಬೇಡಿ. ಬಯಾಪ್ಸಿ ಮಾಡಿದರೆ ಕಾಯಿಲೆ ಹಬ್ಬುತ್ತದೆ ಎಂಬ ಮಾತು ನಮ್ಮ ಮನೆಗೂ ಬಂದಿತ್ತು. ಚರ್ಮದ ಹುಣ್ಣಿಗೆ ಆ ಹೆದರಿಕೆ ಬೇಡ, ತಡ ಮಾಡುವುದರಲ್ಲೇ ಅಪಾಯ ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ನಮ್ಮ ಭಯ ಹೋಯಿತು. ಊರಿನಲ್ಲಿರುವ ಅಕ್ಕತಂಗಿಯರಿಗೂ ಇದನ್ನು ತಿಳಿಸಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ, ಈಗ ಜಿಲ್ಲೆ ಜಿಲ್ಲೆಗಳಲ್ಲೂ ಚರ್ಮದ ವೈದ್ಯರಿದ್ದಾರೆ.

ಅತ್ತೆಯವರು ಇಳಕಲ್ ಸೀರೆ ಬಿಟ್ಟಿಲ್ಲ. ಸಂಚಿ ಮಾತ್ರ ಸೊಂಟದಿಂದ ಇಳಿದು ಕೈಚೀಲಕ್ಕೆ ಹೋಗಿದೆ. ಸಂಕ್ರಾಂತಿಗೆ ಮನೆಯಲ್ಲಿ ಹಳದಿ ಕುಂಕುಮ ಇಟ್ಟುಕೊಂಡಾಗ ಏನು ವಾಣ ಕೊಡುವುದೆಂದು ಯೋಚಿಸುತ್ತಿದ್ದೆ. ಅತ್ತೆಯವರೇ ಹಳೆಯ ಹತ್ತಿ ಸೀರೆಗಳನ್ನು ಹರಿದು, ಮೂರು ಬೆರಳು ಅಗಲದ ಲಾಡಿಗಳನ್ನು ಹೊಲಿದು ರಾಶಿ ಹಾಕಿದರು. ಎಳ್ಳುಬೆಲ್ಲದ ಜೊತೆ ಒಂದೊಂದು ಲಾಡಿ. ಬಂದ ಹೆಂಗಸರು ಮೊದಲು ನಕ್ಕರು. ಆಮೇಲೆ ಅತ್ತೆಯವರು ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ತಮ್ಮ ಹೊಲಿಗೆಯ ಗುರುತು ತೋರಿಸಿ, "ನಿಂದೂ ತೋರಸವಾ, ನಾಚಬ್ಯಾಡ" ಎಂದರು. ಆ ದಿನ ನಮ್ಮ ಕಟ್ಟಡದ ಇಬ್ಬರು ಚರ್ಮದ ವೈದ್ಯರ ಬಳಿ ಹೋಗಲು ಒಪ್ಪಿದರು. ಇಬ್ಬರದೂ ಬರೀ ಗಜಕರ್ಣ ಎಂದು ಬಂತು. ಅತ್ತೆಯವರಿಗೆ ಸಮಾಧಾನವಾಯಿತು.